ಪಾದ್ರಪ್ಪನಿಗೆ ಎಡೆ ಇಟ್ಟ ವರ್ಷ

ಬಿಸಿ ಟೀ ಬಿದ್ದ ಕೂಡಲೇ ಕಾಗದದ ಲೋಟದಿಂದ ಒಂದು ವಾಸನೆ ಏಳುತ್ತದೆ. ಅದು ಮೇಣದ್ದೋ, ಅಂಟಿನದ್ದೋ, ನೆನೆದ ರಟ್ಟಿನದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದವರಿಗೆಲ್ಲ ಶುಂಠಿಯ ಘಮ, ಏಲಕ್ಕಿಯ ಘಮ ಬರುತ್ತದಂತೆ. ನನ್ನ ಮೂಗಿಗೆ ಮಾತ್ರ ಲೋಟವೇ ಮೊದಲು ಬಂದು ಕೂರುತ್ತದೆ.

ಮೊನ್ನೆ ಕೋಲಾರದಲ್ಲಿ, ನಾನು ಇತಿಹಾಸ ಪಾಠ ಮಾಡುವ ಕಾಲೇಜಿನಲ್ಲಿ ಹೀಗೇ ಆಯಿತು. ಅಮೆರಿಕದಲ್ಲಿ ಕರಿಯ ಜನರ ಹಕ್ಕಿಗಾಗಿ ಹೋರಾಡಿ, ಚಿಕ್ಕ ವಯಸ್ಸಿನಲ್ಲೇ ಗುಂಡೇಟಿಗೆ ಬಲಿಯಾದ ಆ ಪಾದ್ರಿಯ ನೆನಪಿಗೆ ಮಕ್ಕಳು ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. 'ಅವರ ಬದುಕು ಮತ್ತು ಕೊಡುಗೆ' ಎಂದು ನನಗೇ ವಿಷಯ ಕೊಟ್ಟಿದ್ದರು. ಹುಟ್ಟಿದ್ದು, ಓದಿದ್ದು, ಜೈಲಿಗೆ ಹೋಗಿದ್ದು ಎಲ್ಲವನ್ನೂ ಇಸವಿ ಸಮೇತ ಬರೆದುಕೊಂಡು ಹೋಗಿದ್ದೆ. ವೇದಿಕೆ ಹತ್ತುವ ಮುಂಚೆ ಒಬ್ಬ ಹುಡುಗಿ ಟೀ ತಂದು ಕೈಗಿತ್ತಳು. ಕಾಗದದ ಲೋಟ.

"ಸ್ಟೀಲ್ ಲೋಟ ಇದ್ದರೆ ಅದರಲ್ಲಿ ತಂದುಕೊಡು ಮಗಾ" ಅಂದೆ.

ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು, "ಸರೋಜಾ ಮೇಡಂದು ಮಡಿ ಜಾಸ್ತಿ" ಎಂದು ರೇಗಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಡಿ ಅಂದರೆ ಏನು ಅಂತ ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೇದಿಕೆಯ ಮೇಲೆ ಬರೆದುಕೊಂಡ ಹಾಳೆ ಮಡಿಚಿಟ್ಟು ನಮ್ಮಜ್ಜಿ ಪಾಪಮ್ಮನ ವಿಷಯ ಮಾತಾಡಿದೆ. ಅಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ನಾನು ಮಾಲೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದ ವರ್ಷದ ಮಾತು ಇದು. ಮಹಾಲಯ ಅಮಾವಾಸ್ಯೆಗೆ ಶುರುವಾಗಿ ಯುಗಾದಿ ಅಮಾವಾಸ್ಯೆಗೆ ಮುಗಿದ ವರ್ಷ.

ನಮ್ಮೂರು ಲಕ್ಕೂರು ಹೋಬಳಿಗೆ ಸೇರಿದ್ದು. ದಿಬ್ಬದ ಮೇಲೆ ಮೇಲಿನ ಬೀದಿ, ಇಳಿಜಾರಿನಲ್ಲಿ ನಮ್ಮ ಕಾಲೋನಿ, ನಡುವೆ ಬಸ್ಸು ನಿಲ್ಲುವ ಅರಳಿಕಟ್ಟೆ, ಕಟ್ಟೆಗೆ ಎದುರಾಗಿ ಚಿನ್ನಪ್ಪನ ಹೋಟೆಲು. ಶೀಟಿನ ಮಾಡು, ಒಳಗೆ ಎರಡು ಬೆಂಚು, ಹಿತ್ತಲಲ್ಲಿ ಸೌದೆ. ಚಿನ್ನಪ್ಪನ ಹುರಿಗಡಲೆ ಚಟ್ನಿಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಬೆಳಗಾಗೆದ್ದು ಅಲ್ಲಿ ಸೇರುತ್ತಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮ ಜನವೇ. ಟೊಮೇಟೊ ಬಿಡಿಸಲು ಟೆಂಪೋ ಹತ್ತುವವರು, ಕಾರ್ಖಾನೆ ಶಿಫ್ಟಿಗೆ ಬಸ್ಸು ಕಾಯುವವರು, ಬಂಡಿ ಲೋಡು ಮಾಡುವವರು. ಮೇಲಿನ ಬೀದಿಯವರ ಮನೆಯಲ್ಲಿ ಹಸು, ಹಾಲು, ಒಲೆ ಎಲ್ಲ ಇತ್ತು. ಅವರು ಬರುತ್ತಿದ್ದದ್ದು ಹರಟೆಗೆ.

ಹರಟೆಗೆ ಬಂದವರು ಒಳಗೆ ಬೆಂಚಿನ ಮೇಲೆ ಕೂತು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ನಾವು ಹೊರಗೆ ನಿಂತು ಕುಡಿಯುತ್ತಿದ್ದೆವು. ಅಪ್ಪನ ಕಾಲದಲ್ಲಿ ನಮಗೆಂದೇ ಬೇರೆ ಗಾಜಿನ ಲೋಟಗಳನ್ನು ಸೂರಿಗೆ ಸಿಕ್ಕಿಸಿಟ್ಟಿರುತ್ತಿದ್ದರು. ಅದನ್ನು ನಾವೇ ತೆಗೆದುಕೊಂಡು, ಕುಡಿದು, ನಾವೇ ತೊಳೆದು ಮತ್ತೆ ಸಿಕ್ಕಿಸಿ ಬರಬೇಕು. ಎಲ್ಲೋ ಇನ್ನೊಂದು ಊರಿನಲ್ಲಿ ಇದೇ ವಿಷಯಕ್ಕೆ ಕೇಸಾಯಿತು ಎಂದು ಸುದ್ದಿ ಬಂದದ್ದೇ, ಚಿನ್ನಪ್ಪ ಆ ಗಾಜಿನ ಲೋಟಗಳನ್ನು ತಿಪ್ಪೆಗೆಸೆದು ಮಾಲೂರಿನಿಂದ ಕಾಗದದ ಲೋಟದ ಕಟ್ಟು ತಂದ. ಒಳಗಿನವರಿಗೆ ಸ್ಟೀಲು, ನಮಗೆ ಕಾಗದ. ಯಾರಾದರೂ ಮುಖ ಸಿಂಡರಿಸಿದರೆ ಅವನದ್ದೊಂದೇ ಮಾತು, "ಕ್ಲೀನ್ ಅಲ್ವೇನಮ್ಮಾ? ಹೊಸಾದು. ಯಾರ ಎಂಜಲೂ ಇಲ್ಲ." ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಅವಮಾನ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಬಂದರೆ ಅದನ್ನು ಬೈಯುವುದೂ ಕಷ್ಟ.

ನಮ್ಮ ತಾತ ಆ ಹೋಟೆಲಿಗೆ ಜೀವನವಿಡೀ ಸೌದೆ ಒಡೆದವನು. ಅವನು ಸೀಳಿದ ಸೌದೆಯಲ್ಲೇ ಊರಿನ ಟೀಯೆಲ್ಲ ಕುದಿಯಿತು. ಅವನು ಮಾತ್ರ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡಿದು, ಲೋಟ ತೊಳೆದಿಟ್ಟು ಬರುತ್ತಿದ್ದ. "ಒಂದ್ಸಲ ಆ ಸ್ಟೀಲ್ ಲೋಟದಲ್ಲಿ ಕುಡಿದು ನೋಡ್ಬೇಕು ಕಣೇ, ರುಚಿ ಬೇರೆ ಇರ್ತದಾ ಅಂತ" ಎಂದು ನಗುತ್ತಲೇ ಹೇಳುತ್ತಿದ್ದ. ನಾನು ಹೈಸ್ಕೂಲಿಗೆ ಸೇರುವ ಮುಂಚೆಯೇ ತೀರಿಕೊಂಡ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ರಾಗಿ ಹೊಲ ತೆನೆಗೆ ಬರುವ ಹೊತ್ತು. ಸಂಜೆಯಾದರೆ ಕಾಲೋನಿಯ ಭವನದಲ್ಲಿ ಮುನಿಸ್ವಾಮಿ ಮೇಷ್ಟ್ರು ನಮಗೆಲ್ಲ ಪಾಠ ಹೇಳುತ್ತಿದ್ದರು. ಅವರು ನಮ್ಮ ಕಾಲೋನಿಯವರೇ. ಮಾಸ್ತಿ ಕಡೆಯ ಶಾಲೆಯೊಂದರಲ್ಲಿ ಕೆಲಸ, ಬಸ್ಸಿಳಿದವರು ಮನೆಗೂ ಹೋಗದೆ ನೇರ ಭವನಕ್ಕೆ ಬರುತ್ತಿದ್ದರು. ಒಂದು ಸಂಜೆ ಕಂಕುಳಲ್ಲಿ ಪೇಪರು ಸುತ್ತಿದ ಪಟವೊಂದನ್ನು ಹಿಡಿದು ಬಂದರು. ಮಾಲೂರಿನ ಸ್ಟುಡಿಯೋದಲ್ಲಿ ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿದ್ದರು. ಗೋಡೆಯ ಮೇಲಿದ್ದ ನಮ್ಮ ನೀಲಿ ಕೋಟಿನವರ ಪಟದ ಪಕ್ಕ ಮೊಳೆ ಹೊಡೆದು ನೇತುಹಾಕಿದರು.

ಅಜ್ಜಿ ಭವನದ ಮೆಟ್ಟಿಲ ಮೇಲೆ ಕೂತು ಗಿಡದಿಂದ ಕಡಲೆಕಾಯಿ ಬಿಡಿಸುತ್ತಿದ್ದಳು. ಕತ್ತೆತ್ತಿ ನೋಡಿದಳು. ಕಪ್ಪು ಮುಖ, ಕೋಟು, ಟೈ, ಸಣ್ಣ ಮೀಸೆ.

"ಯಾರಪ್ಪಾ ಈವಯ್ಯ? ನಮ್ಮ ಗಣಿ ಕಡೆಯೋನಾ?" ಎಂದು ಕೇಳಿದಳು.

ಅಜ್ಜಿಯ ಅಣ್ಣನೊಬ್ಬ ಚಿನ್ನದ ಗಣಿಗೆ ದುಡಿಯಲು ಹೋಗಿ ಅಲ್ಲೇ ನಿಂತವನು. ಅವನನ್ನು ನೋಡಲು ಹೋದಾಗ ಅಲ್ಲಿ ಕೋಟು ತೊಟ್ಟ ಕಪ್ಪು ಪಾದ್ರಿಗಳನ್ನು ಅವಳು ಕಂಡಿದ್ದಳು. ಮೇಷ್ಟ್ರು, ಇವರು ಅಮೆರಿಕದವರು, ಪಾದ್ರಿ ಅನ್ನುವುದೇನೋ ಸರಿ ಎಂದರು. ಅಜ್ಜಿ ಸ್ವಲ್ಪ ಯೋಚಿಸಿ, "ಅದು ಗಣಿಗಿಂತ ಆಚೆಗಾ?" ಅಂದಳು. ನಾವು ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕೆವು.

ಮೇಷ್ಟ್ರು ಕತೆ ಹೇಳಿದರು. ಆ ದೇಶದಲ್ಲಿ ಬಸ್ಸಿನ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕರಿಯರಿಗೆ. ಬಿಳಿಯರಿಗೆ ಜಾಗ ಸಾಲದಿದ್ದರೆ ಕೂತಿರುವ ಕರಿಯರು ಏಳಬೇಕು. ಒಂದು ದಿನ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಹೆಂಗಸು ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಆ ಊರಿನ ಕರಿಯ ಜನವೆಲ್ಲ ಇನ್ನು ಬಸ್ಸೇ ಹತ್ತುವುದಿಲ್ಲ ಎಂದು ನಿಂತುಬಿಟ್ಟಿತು. ಮುಂದಾಳಾಗಿ ನಿಂತವನು ಈ ಪಾದ್ರಿ, ಆಗಿನ್ನೂ ಹುಡುಗನಂಥ ವಯಸ್ಸು. ವರ್ಷಕ್ಕೂ ಮೀರಿ ನಡೆದರು, ಅಡುಗೆಯವರು, ಬಟ್ಟೆ ಒಗೆಯುವವರು, ಮುದುಕಿಯರು. ಅವನ ಮನೆಗೆ ಬಾಂಬು ಹಾಕಿದರು. ಅವನು ಕೈ ಎತ್ತಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಕೊನೆಗೆ ಬಸ್ಸಿನ ಕಾನೂನೇ ಬದಲಾಯಿತು.

"ಆಮೇಲೆ ಆ ಪಾದ್ರಪ್ಪ ಏನಾದ?" ಅಜ್ಜಿಯ ಕೈ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿತ್ತು.

"ಗುಂಡು ಹೊಡೆದು ಕೊಂದ್ರು ಅತ್ತೆ. ನಲವತ್ತೂ ತುಂಬಿರಲಿಲ್ಲ."

ಅಜ್ಜಿ ಬಹಳ ಹೊತ್ತು ಪಟ ನೋಡಿದಳು. "ಆಯುಸ್ಸು ತೀರದೆ ಹೋದೋನು. ಅವನಿಗೆ ಯಾರು ಎಡೆ ಇಡ್ತಾರೆ?" ಅಂದಳು.

ಮೇಷ್ಟ್ರು ಅವರಲ್ಲಿ ಎಡೆ ಇಡುವ ಪದ್ಧತಿ ಇಲ್ಲ ಎಂದು ವಿವರಿಸಲು ಹೋದರು. ಅಜ್ಜಿಗೆ ಅದು ಹಿಡಿಸಲಿಲ್ಲ. ಇಲ್ಲದಿದ್ದರೆ ಹಸಿವಾಗುವುದಿಲ್ಲವೇ ಎಂಬುದು ಅವಳ ವಾದ. ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇತ್ತು. ನಮ್ಮಲ್ಲಿ ಹಿರಿಯರ ಹಬ್ಬ ಅಂದರೆ ಸತ್ತವರಿಗೆ ಅವರವರ ಇಷ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಂದಕ್ಕೆಳೆದು ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. "ಅವನು ಏನು ತಿಂತಿದ್ದ?" ಎಂದು ಅಜ್ಜಿ ಕೇಳಿದಳು. ಅವನು ಏನು ಹೇಳಿದ ಎಂದು ಮೇಷ್ಟ್ರು ಓದಿದ್ದರೇ ಹೊರತು ಏನು ತಿಂದ ಎಂದು ಓದಿರಲಿಲ್ಲ. "ಹೋಗ್ಲಿ ಬಿಡು, ಅಷ್ಟು ನಡೆದೋನಿಗೆ ಮುದ್ದೆಗಿಂತ ಏನು ಬೇಕು? ಮುದ್ದೆ, ಬಸ್ಸಾರು ಇಡ್ತೀನಿ" ಎಂದು ಅವಳೇ ತೀರ್ಮಾನ ಮಾಡಿದಳು.

ಅಮಾವಾಸ್ಯೆಯ ದಿನ ಎರಡು ಎಲೆ ಹಾಕಿದಳು. ಒಂದು ತಾತನಿಗೆ, ಅದರ ಪಕ್ಕದಲ್ಲಿ ಭವನದಿಂದ ತಂದ ಪಾದ್ರಪ್ಪನ ಪಟದ ಮುಂದೆ ಇನ್ನೊಂದು. ತಾತನ ಎಲೆಗೆ ಮಾಂಸದ ಸಾರು, ಬೀಡಿ ಕಟ್ಟು, ಕೊನೆಗೆ ಹೋಟೆಲಿನ ಟೀ. ವರ್ಷವೂ ಅಜ್ಜಿ ಮನೆಯಿಂದ ಪಾತ್ರೆ ಒಯ್ದು ಟೀ ತರುತ್ತಿದ್ದಳು. ಆ ವರ್ಷ ಬರಿಗೈಯಲ್ಲಿ ಹೊರಟಳು. ನಾನು ಜೊತೆಗೆ ಹೋದೆ.

"ಚಿನ್ನಪ್ಪಣ್ಣಾ, ಒಂದು ಟೀ ಕೊಡಿ. ಸ್ಟೀಲ್ ಲೋಟದಲ್ಲಿ ಕೊಡಿ. ಎಡೆಗೆ."

ಚಿನ್ನಪ್ಪ ಅವಳ ಮಗನ ವಾರಿಗೆಯವನು. ಆದರೂ ಅವಳು ಅಣ್ಣ ಅನ್ನುತ್ತಿದ್ದಳು, ಬಹುವಚನ ಹಾಕುತ್ತಿದ್ದಳು. ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ.

"ಯಾಕೆ ಪಾಪಮ್ಮಾ, ಪಾತ್ರೆ ತಂದಿಲ್ವಾ?"

"ಪಾತ್ರೆ ನಮ್ಮನೇಲಿ ಐತೆ, ಲೋಟಾನೂ ಐತೆ. ನಮ್ಮೆಜಮಾನ್ರು ನಿಮ್ಮ ಹೋಟ್ಲು ಲೋಟದಲ್ಲಿ ಕುಡೀಬೇಕು ಅಂತಿದ್ರು. ಇದ್ದಾಗ ಆಗ್ಲಿಲ್ಲ. ಈಗ ಅವರು ನಿಮ್ಮ ಬೆಂಚಿನ ಮೇಲೆ ಕೂರಲ್ಲ, ಯಾರನ್ನೂ ಮುಟ್ಟಲ್ಲ. ಕೊಡಿ."

ಒಳಗಿನ ಬೆಂಚಿನಲ್ಲಿ ಮೇಲಿನ ಬೀದಿಯ ಯಜಮಾನರೊಬ್ಬರು ಕೂತಿದ್ದರು. ಅವರು ಕೆಮ್ಮಿದರು, ಅಷ್ಟೇ. ಚಿನ್ನಪ್ಪನ ಕೈ ಸ್ಟೀಲ್ ಲೋಟದ ಕಡೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಕೆಮ್ಮಿಗೆ ಅದು ದಾರಿ ಬದಲಿಸಿ ಕಾಗದದ ಲೋಟ ಎತ್ತಿಕೊಂಡಿತು. ಟೀ ಸುರಿದು ಹೊರಗಿನ ಹಲಗೆಯ ಮೇಲಿಟ್ಟ.

"ಕ್ಲೀನ್ ಐತೆ ಪಾಪಮ್ಮಾ. ಹೊಸಾದು."

"ಸತ್ತೋನಿಗೂ ಕಾಗದದ ಲೋಟಾನೇನಪ್ಪಾ?" ಅಂದಳು ಅಜ್ಜಿ.

ಟೀಯಿಂದ ಹಬೆ ಏಳುತ್ತಿತ್ತು, ಜೊತೆಗೆ ಆ ವಾಸನೆ. ನನ್ನ ಮೂಗಿನಲ್ಲಿ ಅದು ಕೂತದ್ದು ಆಗಲೇ. ಅಜ್ಜಿ ಲೋಟ ಮುಟ್ಟಲಿಲ್ಲ. ತಿರುಗಿ ನಡೆದಳು. ಮನೆಗೆ ಬಂದು ಸಾಂಬ್ರಾಣಿ ಹಾಕಿ, ತಾತನ ಪಟಕ್ಕೆ, "ನಿನ್ನ ಟೀ ಬಾಕಿ ಐತೆ. ತಂದೇ ತರ್ತೀನಿ" ಎಂದಳು. ಪಾದ್ರಪ್ಪನ ಕಡೆ ತಿರುಗಿದಾಗ ಅದು ಹೇಗೋ ತೆಲುಗು ಬಂತು. "ನುವ್ವು ತಿನು ನಾಯನಾ" ಅಂದಳು, ನೀನು ತಿನ್ನಪ್ಪಾ ಅಂತ. ಪರ ಊರಿನವರ ಹತ್ತಿರ ಅವಳು ತೆಲುಗೇ ಮಾತಾಡುತ್ತಿದ್ದದ್ದು, ಅವರಿಗೆ ಬರಲಿ ಬಿಡಲಿ.

ಸಂಜೆ ಭವನದಲ್ಲಿ ಕಾಲೋನಿಯೆಲ್ಲ ಸೇರಿತು. ಸ್ಟೀಲ್ ಲೋಟ ಬರುವ ತನಕ ಚಿನ್ನಪ್ಪನ ಹೋಟೆಲಿನ ಟೀ ಮುಟ್ಟಬಾರದು ಎಂದು ಅಜ್ಜಿ ಹೇಳಿದಳು. ಮೇಷ್ಟ್ರು ಪೊಲೀಸ್ ಸ್ಟೇಷನ್ನಿಗೆ ಬರೆದುಕೊಡೋಣ ಎಂದರು. "ಪೊಲೀಸ್ನೋರು ಬಂದ್ರೆ ಲೋಟ ಅವರ ಜೊತೆ ಬರ್ತದೆ, ಅವರ ಜೊತೆ ಹೋಗ್ತದೆ. ಕೊನೇಗೆ ಅದೂ ಇರ್ಲಿ, ಮೊದಲು ಇದು ನೋಡಾನ" ಎಂದಳು ಅಜ್ಜಿ. ಮಾರನೆಯ ದಿನವೇ ಭವನದ ಮುಂದೆ ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ಮನೆಗಿಷ್ಟು ಅಂತ ಹಾಲು, ಬೆಲ್ಲ, ಸೌದೆ ಬಂತು. ಪ್ರತಿಯೊಬ್ಬರೂ ಅವರವರ ಮನೆಯ ಲೋಟ ಹಿಡಿದು ಬರಬೇಕು.

ಬಸ್ಸಿಗೆ ಅರಳಿಕಟ್ಟೆಯ ಹತ್ತಿರ ಕಾಯುವುದನ್ನೂ ಅಜ್ಜಿ ನಿಲ್ಲಿಸಿದಳು. ಇದಕ್ಕೆ ಅವಳ ಕಾರಣ ಬೇರೆಯೇ ಇತ್ತು. "ವಡೆ ವಾಸ್ನೆ ಮೂಗಿಗೆ ಹೊಡೆದ್ರೆ ನಮ್ಮ ಗಂಡಸ್ರು ನಿಲ್ಲಲ್ಲ. ಗೇಟ್ ತನಕ ನಡೀಲಿ" ಅಂದಳು. ಗೇಟು ಅಂದರೆ ನಮ್ಮೂರ ದಾರಿ ಮುಖ್ಯರಸ್ತೆಗೆ ಸೇರುವ ಜಾಗ. ಹೀಗೆ ನಾವೆಲ್ಲ ಬೆಳಗ್ಗೆ ಗೇಟಿಗೆ ನಡೆಯಲು ಶುರುಮಾಡಿದೆವು, ಸಂಜೆ ಅಲ್ಲೇ ಇಳಿದು ವಾಪಸ್ಸು ನಡೆದೆವು. ಹಿಂಗಾರು ಮಳೆ ಹಿಡಿದಾಗ ತಲೆಯ ಮೇಲೆ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು, ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಡೆದದ್ದು ನೆನಪಿದೆ. ಅಮ್ಮ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಮುಂದೆ, ನಾನು ಹಿಂದೆ. ಓದಿದ್ದನ್ನು ಗಟ್ಟಿಯಾಗಿ ಒಪ್ಪಿಸುತ್ತಾ ನಡೆ ಅನ್ನುತ್ತಿದ್ದಳು. ಅರ್ಥಶಾಸ್ತ್ರದ ಎಷ್ಟೋ ಪಾಠ ನನಗೆ ಕೆಸರಿನ ಜೊತೆಗೇ ನೆನಪಾಗುತ್ತದೆ.

ಎಲ್ಲರೂ ಗಟ್ಟಿಯಾಗಿ ನಿಂತರು ಎಂದರೆ ಸುಳ್ಳಾಗುತ್ತದೆ. ನಮ್ಮ ಮಂಜ ಚಿಕ್ಕಪ್ಪ ನಾಲಿಗೆಯ ದಾಸ. ಚಿನ್ನಪ್ಪನ ಚಟ್ನಿ ಇಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಒಂದು ದಿನ ಹಿತ್ತಲ ಕಡೆಯಿಂದ ನುಸುಳಿ, ಕಾಗದದ ಲೋಟದಲ್ಲಿ ಟೀ ಕುಡಿದು, ಎರಡು ವಡೆ ತಿಂದು ಬಂದ. ಬಾಯಿ ಒರೆಸಿಕೊಂಡಿದ್ದ, ಮೀಸೆಯಲ್ಲಿ ಚಟ್ನಿ ಉಳಿದಿತ್ತು. ಅಜ್ಜಿ ಬೈಯುತ್ತಾಳೆ ಎಂದು ನಾವೆಲ್ಲ ಕಾದೆವು. ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಹೊಸ್ತಿಲ ಹೊರಗೆ ಒಂದು ಕಾಗದದ ತಟ್ಟೆ ಇಟ್ಟು ಮುದ್ದೆ ಹಾಕಿದಳು. ಸಾರನ್ನು ಮೇಲಿನಿಂದ ಎತ್ತಿ ಸುರಿದಳು.

"ಏನಮ್ಮಾ ಇದು?" ಚಿಕ್ಕಪ್ಪನ ಮುಖ ಕೆಂಪಾಯಿತು.

"ಯಾಕ್ಲಾ? ಕ್ಲೀನ್ ಅಲ್ವಾ? ಹೊಸಾದು. ಯಾರ ಎಂಜಲೂ ಇಲ್ಲ."

ನಲವತ್ತು ದಾಟಿದ ಗಂಡಸು, ತಟ್ಟೆ ನೋಡುತ್ತಾ ಅತ್ತುಬಿಟ್ಟ. ಅಜ್ಜಿ ಒಳಗಿನಿಂದ ಅವನ ಗಂಗಳ ತಂದು ಮುದ್ದೆಯನ್ನು ಅದಕ್ಕೆ ಹಾಕಿ, ಪಕ್ಕ ಕೂತು ಉಣ್ಣಿಸಿದಳು. ಆಮೇಲೆ ಬೆಳಗಿನ ಒಲೆ ಹಚ್ಚುವ ಕೆಲಸ ಚಿಕ್ಕಪ್ಪನೇ ವಹಿಸಿಕೊಂಡ. ಚಟ್ನಿ ಅರೆಯಲೂ ಕಲಿತ. ಅದು ಚಿನ್ನಪ್ಪನ ಚಟ್ನಿಯ ಹತ್ತಿರಕ್ಕೂ ಬರಲಿಲ್ಲ. ಚೆನ್ನಾಗಿದೆ ಎಂದೇ ನಾವು ತಿಂದೆವು.

ರಾಗಿ ಕೊಯ್ಲಿನ ಹೊತ್ತಿಗೆ ಮೇಲಿನ ಬೀದಿಯವರು ಕಾಲೋನಿಯವರನ್ನು ಕೂಲಿಗೆ ಕರೆಯುವುದಿಲ್ಲ ಎಂದರು. "ಲೋಟ ಬೇಕಾ, ಕೂಲಿ ಬೇಕಾ, ಯೋಚ್ನೆ ಮಾಡಿ" ಎಂದು ಯಜಮಾನರು ಹೇಳಿಕಳಿಸಿದರು. ನಮ್ಮ ಹೆಂಗಸರು ಮಾಸ್ತಿ ಕಡೆಯ ಹೊಲಗಳಿಗೆ ಹೋದರು, ಲಕ್ಕೂರಿನಾಚೆ ಕಾರ್ಖಾನೆಗಳ ಗುಡಿಸುವ ಕೆಲಸಕ್ಕೆ ಹೋದರು. ಸಂಕ್ರಾಂತಿ ಬಂತು. ಅವರೆಕಾಯಿ ಸೊಗಡು ಊರಿಗೆಲ್ಲ ಹರಡಿದ್ದರೂ ಯಾರ ಮನೆಯಲ್ಲೂ ಹುರುಪಿರಲಿಲ್ಲ. ದಣಿವು ಮೂಳೆಗೆ ಇಳಿದಿತ್ತು. ಒಂದು ಲೋಟಕ್ಕೋಸ್ಕರ ಇಷ್ಟೆಲ್ಲಾನಾ ಎಂದು ಮೊದಲು ಪಿಸುಗುಟ್ಟಿದವರು ಆಮೇಲೆ ಗಟ್ಟಿಯಾಗಿಯೇ ಕೇಳತೊಡಗಿದರು. ನನಗೂ ಹಾಗೆ ಅನ್ನಿಸಿತ್ತು. ಪರೀಕ್ಷೆ ಎದುರಿಗಿತ್ತು, ಸಂಜೆ ಮನೆ ಸೇರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು.

ಮತ್ತೆ ಭವನದಲ್ಲಿ ಸಭೆ ಸೇರಿತು. ಬಿಟ್ಟುಬಿಡೋಣ ಎಂದವರೇ ಹೆಚ್ಚು. ಮೇಷ್ಟ್ರು ಕೂಡ ತಲೆ ತಗ್ಗಿಸಿ ಕೂತಿದ್ದರು. ಅಜ್ಜಿ ಪಾದ್ರಪ್ಪನ ಪಟದ ಕೆಳಗೆ ಗೋಡೆಗೊರಗಿ ಕೂತಿದ್ದಳು.

"ಮುನಿಸ್ವಾಮೀ, ಅವರು ವರ್ಷ ನಡೆದ್ರಲ್ಲ, ನಡುವೆ ಸಾಕಪ್ಪಾ ಅನ್ನಿಸ್ಲಿಲ್ವಾ ಅವರಿಗೆ?" ಎಂದು ಕೇಳಿದಳು.

"ಅನ್ನಿಸಿರ್ತದೆ ಅತ್ತೆ. ಎಷ್ಟೋ ಸಲ ಅನ್ನಿಸಿರ್ತದೆ."

"ಅನ್ನಿಸಿದ ಮೇಲೆ ಏನ್ ಮಾಡಿದ್ರು?"

ಮೇಷ್ಟ್ರು ತಲೆ ಎತ್ತಿದರು. "ನಡೆದ್ರು."

"ಸರಿ ಮತ್ತೆ" ಎಂದು ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. "ಬೆಳಗ್ಗೆ ಬೇಗ ಏಳ್ಬೇಕು, ಮನೆಗೆ ಹೋಗ್ರಿ." ಸಭೆ ಅಲ್ಲಿಗೆ ಮುಗಿಯಿತು. ಯಾರೂ ಕೈ ಎತ್ತಲಿಲ್ಲ, ಘೋಷಣೆ ಕೂಗಲಿಲ್ಲ. ಬೆಳಗ್ಗೆ ನೋಡಿದರೆ ಗೇಟಿನ ದಾರಿಯಲ್ಲಿ ಎಲ್ಲರೂ ಇದ್ದರು, ಬಿಟ್ಟುಬಿಡೋಣ ಎಂದವರೂ ಇದ್ದರು. ನನಗೆ ಆ ಬೆಳಗ್ಗೆ ಎಂಥ ಹೆಮ್ಮೆಯಾಯಿತೆಂದರೆ, ಕಾಲಿನ ನೋವು ಕೂಡ ಹಿತವಾಗಿತ್ತು.

ಇತ್ತ ಚಿನ್ನಪ್ಪನ ಹೋಟೆಲಿನಲ್ಲಿ ದೋಸೆ ಹಿಟ್ಟು ಹುಳಿ ಬರುತ್ತಿತ್ತು. ವಡೆ ಉಳಿದು ದನಕ್ಕೆ ಹೋಗುತ್ತಿತ್ತು. ಬೆಳಗಿನ ಗದ್ದಲವೇ ಇಲ್ಲದ ಹೋಟೆಲಿಗೆ ಹರಟೆಯವರೂ ಕಮ್ಮಿಯಾದರು. ಬರಿಯ ಬೆಂಚಿನ ಎದುರು ಎಷ್ಟು ಹೊತ್ತು ಹರಟುತ್ತಾರೆ? ನನ್ನ ಪರೀಕ್ಷೆ ಶುರುವಾದ ವಾರ, ಒಂದು ಬೆಳಗ್ಗೆ ನಾನು ಒಲೆಯ ಪಕ್ಕ ಕೂತು ಓದುತ್ತಿದ್ದಾಗ ಚಿನ್ನಪ್ಪ ಇಳಿಜಾರು ಇಳಿದು ಕಾಲೋನಿಗೆ ಬಂದ. ಹುಟ್ಟಿದಾಗಿನಿಂದ ಅದೇ ಊರಿನಲ್ಲಿದ್ದವನು, ನಮ್ಮ ಬೀದಿಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

"ಕೂತ್ಕೊ ಚಿನ್ನಪ್ಪಾ" ಎಂದಳು ಅಜ್ಜಿ. ಅಣ್ಣ ಬಿಟ್ಟುಹೋಗಿತ್ತು. ಬಹುವಚನವೂ ಹೋಗಿತ್ತು. ಮಗನನ್ನು ಕರೆದಂತೆ ಕರೆದಳು.

ಅವನು ಭವನದ ಮೆಟ್ಟಿಲ ಮೇಲೆ ಕೂತ. ಅಜ್ಜಿ ಮನೆಯೊಳಗೆ ಹೋಗಿ ಸ್ಟೀಲ್ ಲೋಟ ತಂದು, ಟೀ ಸುರಿದು, ಅವನ ಕೈಗೇ ಕೊಟ್ಟಳು. ಅವನು ಲೋಟ ನೋಡಿದ, ಅಜ್ಜಿಯ ಮುಖ ನೋಡಿದ. ಆಮೇಲೆ ಕುಡಿದ. ಮಂಜ ಚಿಕ್ಕಪ್ಪ ಚಟ್ನಿಯನ್ನೂ ಮುಂದಿಟ್ಟ. ಚಿನ್ನಪ್ಪ ಅದನ್ನು ಬೆರಳಲ್ಲಿ ನೆಕ್ಕಿ, "ಹುರಿಗಡಲೆ ಸಾಲ್ದು ಕಣೋ" ಎಂದ. ನಗು ಬಂದರೂ ಯಾರೂ ನಗಲಿಲ್ಲ.

"ಅಜ್ಜೀ, ನಂದೇನೂ ಇಲ್ಲ. ನಾನು ಕೊಟ್ರೆ ಮೇಲಿನ ಬೀದಿಯೋರು ಬರಲ್ಲ. ನಾನೇನ್ ಮಾಡ್ಲಿ?" ಅವನ ದನಿ ಸೋತಿತ್ತು.

"ಬರ್ದಿದ್ರೆ ಅವರೂ ಗೇಟ್ ತನಕ ನಡೀಲಿ ಬಿಡು. ನಾವು ನಡೀಲಿಲ್ವಾ?"

ಚಿನ್ನಪ್ಪ ಎದ್ದು ಹೋಗುವಾಗ, "ಯುಗಾದಿ ಅಮಾವಾಸ್ಯೆಗೆ ಬಾ ಅಜ್ಜಿ. ಟೀ ಕೊಡ್ತೀನಿ" ಎಂದಷ್ಟೇ ಹೇಳಿದ. ಯಾವ ಲೋಟದಲ್ಲಿ ಎಂದು ಅವನೂ ಹೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ.

ಆಮೇಲೆ ಏನೆಲ್ಲ ಆಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಪರೀಕ್ಷೆ ಪಾಸಾದೆ, ಮುಂದೆ ಓದಿದೆ. ಮೇಲಿನ ಬೀದಿಯ ನಾಲ್ಕಾರು ಮನೆಯವರು ಚಿನ್ನಪ್ಪನ ಹೋಟೆಲಿಗೆ ಕಾಲಿಡಲಿಲ್ಲ, ಕೆಲವರು ಇವತ್ತಿಗೂ ಇಡುವುದಿಲ್ಲ. ಉಳಿದವರನ್ನು ಚಟ್ನಿ ಕರೆತಂದಿತು. ಜಾತಿ ಎಲ್ಲೂ ಹೋಗಲಿಲ್ಲ, ಬೇರೆ ಬೇರೆ ಬಾಗಿಲಲ್ಲಿ ಇಣುಕುತ್ತಲೇ ಇದೆ, ನಾವೂ ಬಾಗಿಲು ಬಡಿಯುತ್ತಲೇ ಇದ್ದೇವೆ. ಅಜ್ಜಿ ತೀರಿಕೊಂಡು ಕೆಲವು ವರ್ಷವಾಯಿತು. ಅಮಾವಾಸ್ಯೆಗೆ ಈಗ ಮೂರು ಎಲೆ ಹಾಕುತ್ತೇವೆ, ತಾತನಿಗೆ, ಅಜ್ಜಿಗೆ, ಪಾದ್ರಪ್ಪನಿಗೆ. ಕಾರ್ಯಕ್ರಮದ ದಿನ ನಾನು ಚಿನ್ನಪ್ಪ ಟೀಗೆ ಕರೆದದ್ದರವರೆಗೆ ಹೇಳಿ ವೇದಿಕೆ ಇಳಿದಾಗ ಟೀ ತಂದಿದ್ದ ಆ ಹುಡುಗಿ, "ಮೇಡಂ, ಆ ದಿನ ಅವರು ಯಾವ ಲೋಟದಲ್ಲಿ ಕೊಟ್ರು?" ಎಂದು ಕೇಳಿದಳು. ಹೊತ್ತು ಮೀರಿತೆಂದು ನನ್ನನ್ನು ಅಲ್ಲಿಗೇ ನಿಲ್ಲಿಸಿದ್ದರು. ಅವಳಿಗೋಸ್ಕರ ಕೊನೆಯದನ್ನು ಬರೆಯುತ್ತೇನೆ.

ಯುಗಾದಿ ಅಮಾವಾಸ್ಯೆಯ ಬೆಳಗ್ಗೆ ಅಜ್ಜಿ ಮದುವೆಮನೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟಳು. ನಾನು, ಚಿಕ್ಕಪ್ಪ, ಮೇಷ್ಟ್ರು ಹಿಂದೆ. ನಮ್ಮ ಹಿಂದೆ ಕಾಲೋನಿಯೆಲ್ಲ ಅರಳಿಕಟ್ಟೆಯವರೆಗೆ ಬಂದು ನಿಂತಿತು. ಅಜ್ಜಿ ಹೊರಗಿನ ಹಲಗೆಯ ಹತ್ತಿರ ನಿಲ್ಲಲಿಲ್ಲ. ಬಾಗಿಲು ದಾಟಿ ಒಳಗೆ ಹೋಗಿ ಬೆಂಚಿನ ಪಕ್ಕ ನಿಂತಳು. ಚಿನ್ನಪ್ಪ ಯಾರ ಮುಖವನ್ನೂ ನೋಡದೆ ಸಾಲಿನಲ್ಲಿದ್ದ ಒಂದು ಸ್ಟೀಲ್ ಲೋಟ ಎತ್ತಿಕೊಂಡು, ಟೀ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅಜ್ಜಿ ಅದಕ್ಕೆ ಸೆರಗು ಮುಚ್ಚಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಮನೆಗೆ ತಂದಳು. ತಾತನ ಪಟದ ಮುಂದಿಟ್ಟಳು. ಭವನದಿಂದ ತಂದಿಟ್ಟ ಪಾದ್ರಪ್ಪನ ಪಟವೂ ಪಕ್ಕದಲ್ಲೇ ಇತ್ತು. "ಇಬ್ರೂ ಹಂಚ್ಕೊಂಡು ಕುಡೀರಿ" ಎಂದು ಹೇಳಿ ಬಾಗಿಲು ಮುಂದಕ್ಕೆಳೆದಳು. ನಾವೆಲ್ಲ ಬಿಸಿಲಲ್ಲಿ ಸುಮ್ಮನೆ ನಿಂತೆವು. ಬಾಗಿಲು ತೆರೆದು ಪ್ರಸಾದವೆಂದು ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿದೆವು. ರುಚಿ ಬೇರೆ ಏನೂ ಇರಲಿಲ್ಲ ತಾತಾ, ಅದೇ ಟೀ.

ನಾನು ರೂಢಿಯಂತೆ ಲೋಟ ತೊಳೆಯಲು ಬಚ್ಚಲಿಗೆ ಒಯ್ಯುತ್ತಿದ್ದೆ. ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡಳು.

"ತೊಳೀಬೇಡ" ಎಂದಳು.

ಎಂಜಲು ಲೋಟ ಹಿಡಿದುಕೊಂಡು ಮತ್ತೆ ಹೋಟೆಲಿಗೆ ನಡೆದಳು. ನಾನು ಓಡುತ್ತಾ ಹಿಂದೆ ಹೋದೆ. ಬುದ್ಧಿ ಬಂದಾಗಿನಿಂದ ಕುಡಿದ ಲೋಟವನ್ನು ತಾನೇ ತೊಳೆದಿಟ್ಟು ಬಂದವಳು, ಗಂಡ ತೊಳೆದದ್ದನ್ನು ಕಂಡವಳು, ಮಗ ತೊಳೆದದ್ದನ್ನು ಕಂಡವಳು. ಒಳಗೆ ಹೋಗಿ ಆ ಲೋಟವನ್ನು ಮೇಜಿನ ಮೇಲೆ ಇಟ್ಟಳು.

"ಎಂಜಲು ಐತೆ. ತೊಳ್ಕೊಳ್ಳಪ್ಪಾ."

ಚಿನ್ನಪ್ಪ ಲೋಟ ಎತ್ತಿಕೊಂಡ. ಉಳಿದ ಲೋಟಗಳೆಲ್ಲ ಬಿದ್ದಿದ್ದ ಅದೇ ನೀರಿನ ತೊಟ್ಟಿಗೆ ಅದ್ದಿ, ಉಜ್ಜಿ, ಜಾಲಿಸಿ, ಅದೇ ಸಾಲಿನಲ್ಲಿ ಬೋರಲು ಹಾಕಿದ. ಅಜ್ಜಿ ಕೊನೆಯವರೆಗೂ ನೋಡುತ್ತಾ ನಿಂತಿದ್ದಳು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ತಾತ ಒಂದು ದಿನವೂ ಕೂರದ ಆ ಬೆಂಚಿನ ಮೇಲೆ ಕೂತಳು.

"ಇನ್ನೊಂದು ಟೀ ಕೊಡು ಚಿನ್ನಪ್ಪಾ" ಎಂದಳು. "ಇದು ನನಗೆ."